ನಮ್ಮನೆ ಕಸದ ಸರ್ಕಾರ

ಎಸೆದಷ್ಟಕ್ಕೆ ದುಡ್ಡು ಕಟ್ಟಿಸಿಕೊಳ್ಳುವ ಊರುಗಳ ಬಗ್ಗೆ ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಜಗತ್ತು ಕಸವನ್ನು ತೂಕಕ್ಕೆ ಹಾಕುತ್ತಿರುವಾಗ ನಾವು ಇನ್ನೂ ಒಂದೇ ಬುಟ್ಟಿ ಇಟ್ಟುಕೊಂಡು ಕೂತಿರುವುದು ನಾಚಿಕೆಗೇಡು ಅನ್ನಿಸಿತು. ಒಂದು ಭಾನುವಾರ ಬೆಳಿಗ್ಗೆ ಮನೆಮಂದಿಯನ್ನೆಲ್ಲ ಕರೆದು ಹೇಳಿದೆ:

"ಇವತ್ತಿನಿಂದ ಈ ಮನೆಯಲ್ಲಿ ಯಾರು ಎಷ್ಟು ಕಸ ಹಾಕ್ತಾರೋ ಅಷ್ಟು ಕಾಸು ಕಟ್ಟಬೇಕು."

"ಯಾರಿಗೆ ರೀ?" ಅಂದಳು ಹೆಂಡತಿ.

"ನನಗೆ. ಅಂದ್ರೆ, ಆಡಳಿತಕ್ಕೆ."

ಹೀಗೆ ನಮ್ಮ ಮನೆಯಲ್ಲಿ ಕಸದ ಸರ್ಕಾರ ಶುರುವಾಯಿತು. ಮಂತ್ರಿ ನಾನು. ಅಧಿಕಾರಿಯೂ ನಾನೇ. ಪ್ರಜೆಗಳು ನಾಲ್ಕು ಜನ: ಅಮ್ಮ, ಹೆಂಡತಿ, ಮಗ, ಮಗಳು. ನಾಯಿಗೆ ಪೂರ್ತಿ ವಿನಾಯಿತಿ ಕೊಟ್ಟಿದ್ದೆ. ಅದು ನಾನು ಮಾಡಿದ ಮೊದಲ ತಪ್ಪು.

ಮಾದರಿಗೇನೂ ಕೊರತೆ ಇರಲಿಲ್ಲ. ಸ್ವಿಟ್ಜರ್‌ಲೆಂಡಿನ ಜೂರಿಕ್ ನಗರ 1993ರಲ್ಲೇ ಈ ದಾರಿ ಹಿಡಿದಿತ್ತು. ದಕ್ಷಿಣ ಕೊರಿಯಾ 1995ರಲ್ಲಿ ಇಡೀ ದೇಶಕ್ಕೇ ಇದನ್ನು ಜಾರಿ ಮಾಡಿತು. 2000ದಲ್ಲಿ ತೈವಾನಿನ ತೈಪೆ ನಗರ ಸೇರಿಕೊಂಡಿತು. ಎಲ್ಲ ಕಡೆ ಸೂತ್ರ ಒಂದೇ. ನಗರದವರು ಗುರುತು ಹಾಕಿದ ಚೀಲದಲ್ಲಿ ಕಟ್ಟಿಟ್ಟರೆ ಮಾತ್ರ ಕಸ ಒಯ್ಯುತ್ತಾರೆ. ಒಯ್ಯುವ ಖರ್ಚು ಚೀಲದ ಬೆಲೆಯಲ್ಲೇ ಸೇರಿರುತ್ತದೆ. ಜಾಸ್ತಿ ಕಸ, ಜಾಸ್ತಿ ಚೀಲ, ಜಾಸ್ತಿ ಕಾಸು. ಮನುಷ್ಯ ಕೊಂಡುಕೊಳ್ಳುವ ಬೇರೆ ಎಲ್ಲ ಸಾಮಾನೂ ಒಂದು ದಿನ ಕಸವಾಗುತ್ತದೆ. ಕಸವಾಗಲಿ ಅಂತಲೇ ದುಡ್ಡು ಕೊಟ್ಟು ತರುವ ಸಾಮಾನು ಇದೊಂದೇ.

ನಾನೂ ಒಂದು ಕಟ್ಟು ಚೀಲ ತಂದು, ಪ್ರತಿಯೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಸಹಿ ಹಾಕಿದೆ. ಎರಡನೇ ದಿನಕ್ಕೇ ಖೋಟಾ ಚೀಲ ಓಡಾಡತೊಡಗಿತು. ಶಾಲೆಯ ಪ್ರೋಗ್ರೆಸ್ ಕಾರ್ಡಿನ ಮೇಲೆ ನನ್ನ ಸಹಿ ಹಾಕಿ ಪಳಗಿದ ಮಗನಿಗೆ ಕಸದ ಚೀಲ ಯಾವ ಲೆಕ್ಕ? ಬೈಯುವ ಮೊದಲು ಯೋಚಿಸಿದೆ. ತೈಪೆಯ ಚೀಲದ ಮೇಲೂ ಖೋಟಾ ತಡೆಯುವ ಗುರುತು ಇರುತ್ತದೆ, ನೋಟಿನ ಮೇಲೆ ಇರುವ ಹಾಗೆ. ಒಂದು ಚೀಲದ ನಕಲು ಬಂತು ಅಂದರೆ ಅದಕ್ಕೆ ಮರ್ಯಾದೆ ಬಂತು ಅಂತ ಅರ್ಥ. ನನ್ನ ಆಡಳಿತ ಎರಡೇ ದಿನದಲ್ಲಿ ಆ ಮಟ್ಟ ಮುಟ್ಟಿತ್ತು.

ಆಮೇಲೆ ಹಸಿ ಕಸದ ಸರದಿ. ಇಲ್ಲಿಂದಲೇ ವಿಷಯ ವೇದಾಂತಕ್ಕೆ ತಿರುಗಿದ್ದು.

ಕೊರಿಯಾದಲ್ಲಿ ಊಟದ ಕಸವನ್ನು ಕಸದ ಗುಂಡಿಯಲ್ಲಿ ಹೂಳುವುದನ್ನು 2005ರಲ್ಲಿ ನಿಲ್ಲಿಸಿದರು. 2013ರಿಂದ ಅದಕ್ಕೂ ಎಸೆದಷ್ಟೇ ಶುಲ್ಕ. ಎಷ್ಟೋ ಅಪಾರ್ಟ್‌ಮೆಂಟುಗಳ ಕೆಳಗೆ ಒಂದು ಯಂತ್ರ ನಿಂತಿರುತ್ತದೆ. ಕಾರ್ಡ್ ತೋರಿಸಿದರೆ ಮುಚ್ಚಳ ತೆಗೆಯುತ್ತದೆ, ಹಾಕಿದ್ದನ್ನು ತೂಗುತ್ತದೆ, ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಊಟದ ಕಸದಲ್ಲಿ ಸುಮಾರು ಶೇ. 80 ನೀರು. ಅಂದರೆ ಜನ ದುಡ್ಡು ಕೊಡುವುದು ಮುಕ್ಕಾಲು ಪಾಲು ನೀರಿಗೆ. ಈ ಗುಟ್ಟು ನಮ್ಮ ಅಮ್ಮನಿಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ. ಮರುದಿನ ನೋಡಿದರೆ ಬಟ್ಟೆ ಒಣಹಾಕುವ ಹಗ್ಗದ ಮೇಲೆ ನನ್ನ ಎರಡು ಶರ್ಟುಗಳ ನಡುವೆ ಕಲ್ಲಂಗಡಿ ಸಿಪ್ಪೆಗಳು ಕ್ಲಿಪ್ ಹಾಕಿಸಿಕೊಂಡು ನೇತಾಡುತ್ತಿದ್ದವು. ಮೂರು ದಿನ ಒಣಗಿ ಕಾಗದದಷ್ಟು ಹಗುರಾದವು. ಶರ್ಟುಗಳನ್ನು ಮಾತ್ರ ಇರುವೆಗಳು ಇನ್ನೂ ಬಿಟ್ಟುಕೊಟ್ಟಿಲ್ಲ.

ಹಾಗಾದರೆ ಊಟದ ಕಸ ಅಂದರೆ ಯಾವುದು? ಕೊರಿಯಾದವರು ಇದಕ್ಕೊಂದು ಸುಲಭದ ಪರೀಕ್ಷೆ ಇಟ್ಟುಕೊಂಡಿದ್ದಾರೆ: ಅದನ್ನು ಪ್ರಾಣಿ ತಿನ್ನಬಹುದಾ? ತಿನ್ನಬಹುದಾದರೆ ಊಟದ ಕಸ. ಇಲ್ಲದಿದ್ದರೆ ಮಾಮೂಲಿ ಕಸ. ಕಾರಣವೂ ಸರಿಯಾಗಿಯೇ ಇದೆ. ಆ ಕಸದ ಒಂದು ಪಾಲು ಹಂದಿ, ಕೋಳಿಗಳ ಮೇವಾಗುತ್ತದೆ. ಇದನ್ನು ನಾನು ಹೊಸ ತಂತ್ರಜ್ಞಾನ ಅನ್ನುವ ಧಾಟಿಯಲ್ಲಿ ವಿವರಿಸಿದೆ.

"ಅದಕ್ಕೆ ಕಲಗಚ್ಚು ಅಂತ ಹೆಸರಿದೆ ಕಣೋ," ಅಂದರು ಅಮ್ಮ. "ಅದಕ್ಕೂ ಒಂದು ಕಾರ್ಡ್ ಬೇಕಾ?"

ಪರೀಕ್ಷೆ ಕೇಳುವುದಕ್ಕೆ ಸುಲಭ. ಮಾಡಲು ಕೂತರೆ ಸಂಜೆಯಾಗುತ್ತದೆ. ಮೊಟ್ಟೆ ಊಟ, ಮೊಟ್ಟೆಯ ಸಿಪ್ಪೆ ಊಟವಲ್ಲ. ಈರುಳ್ಳಿ ಊಟ, ಅದರ ಒಣ ಸಿಪ್ಪೆ ಊಟವಲ್ಲ. ಏಡಿ ಊಟ, ಅದರ ಚಿಪ್ಪು ಅಲ್ಲ. ಸೋಸಿ ಉಳಿದ ಟೀ ಸೊಪ್ಪು ಅಲ್ಲ. ಕಲ್ಲಂಗಡಿ ಸಿಪ್ಪೆ ಮಾತ್ರ ಊಟ. ಮಕ್ಕಳು ಒಂದೊಂದು ಸಿಪ್ಪೆ ಹಿಡಿದುಕೊಂಡು ಬಂದು, "ಅಪ್ಪ, ಇದನ್ನ ಹಂದಿ ತಿನ್ನುತ್ತಾ?" ಅಂತ ಕೇಳುವುದು, ನಾನು ಹಂದಿಯ ಜಾಗದಲ್ಲಿ ನಿಂತು ಯೋಚಿಸುವುದು. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಜಾಗದಲ್ಲಿ ನಿಂತು ಇಷ್ಟು ಯೋಚಿಸಿರಲಿಲ್ಲ ನಾನು. ಕೊನೆಗೆ ತೀರ್ಪು ಕೊಡುವ ಕೆಲಸವನ್ನು ನಾಯಿಗೆ ವಹಿಸಿದೆವು. ತಿಂದರೆ ಹಸಿ ಕಸ, ಮೂಸಿ ಹೋದರೆ ಮಾಮೂಲಿ ಕಸ. ಬುಧವಾರ ನಾನು ಮಾಡಿದ್ದ ಪಲ್ಯವನ್ನು ಮಗಳು ನಾಯಿಯ ಮುಂದಿಟ್ಟಳು. ನಾಯಿ ಮೂಸಿತು. ನನ್ನ ಮುಖ ನೋಡಿತು. ಎದ್ದು ಹೋಯಿತು. ಪಲ್ಯ ಕಾನೂನಿನ ಪ್ರಕಾರ ಊಟವಲ್ಲ ಅಂತ ತೀರ್ಮಾನವಾಯಿತು.

ಮೂಳೆಯ ಕಥೆ ಇನ್ನೂ ಗೋಜಲು. ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿ ಅದು ಊಟದ ಕಸ ಅಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಹೌದು. ಅಲ್ಲಿ 2012ರ ಕಾನೂನಿನ ಪ್ರಕಾರ 2020ರ ಜುಲೈ 1ರಿಂದ ಅಡುಗೆ ಮನೆಯ ಕಸ ಯಾವುದನ್ನೂ ಮಾಮೂಲಿ ಕಸದ ಜೊತೆ ಹಾಕುವ ಹಾಗಿಲ್ಲ. ಆದರೆ ನೀವು ಹಿತ್ತಲಲ್ಲಿ ಸ್ವಂತ ಗೊಬ್ಬರ ಮಾಡುವವರಾದರೆ ಮಾಂಸ, ಮೂಳೆಗಳನ್ನು ಮಾತ್ರ ಮಾಮೂಲಿ ಕಸಕ್ಕೆ ಹಾಕಬಹುದು. ಅಂದರೆ ಅದೇ ಮೂಳೆ, ಅದೇ ಬೀದಿ. ಈ ಮನೆಯಲ್ಲಿ ಹಾಕಿದರೆ ಅಪರಾಧ, ಪಕ್ಕದ ಮನೆಯಲ್ಲಿ ಹಾಕಿದರೆ ಹಕ್ಕು. ಈ ರಿಯಾಯಿತಿಗೂ ಅರ್ಥ ಇದೆ. ಗೊಬ್ಬರದ ರಾಶಿಯಲ್ಲಿ ಮಾಂಸ ಇದ್ದರೆ ಕರಡಿ ಬರುತ್ತದೆ. ಅಲ್ಲಿನ ವನ್ಯಜೀವಿ ಇಲಾಖೆ ಕರಡಿ ಬಾರದ ಹಾಗೆ ಗೊಬ್ಬರ ಮಾಡುವುದು ಹೇಗೆ ಅಂತ ಜನರಿಗೆ ತಿಳಿವಳಿಕೆ ಕೊಡುತ್ತದೆ. ಇಡೀ ವ್ಯವಸ್ಥೆಯಲ್ಲಿ ಶುಲ್ಕ, ಚೀಲ, ಕಾರ್ಡ್ ಯಾವುದೂ ಇಲ್ಲದೆ ಹಸಿ ಕಸ ವಿಲೇವಾರಿ ಮಾಡುವ ಏಕೈಕ ಸಂಸ್ಥೆ ಕರಡಿ. ಅದನ್ನೇ ಓಡಿಸುತ್ತಾರೆ!

ನಮ್ಮನೆ ಕರಡಿ ಅಂದರೆ ನಾಯಿಯೇ. ಅದಕ್ಕೆ ತೆರಿಗೆ ಇಲ್ಲ ಅನ್ನುವುದನ್ನು ಮಕ್ಕಳು ಕೂಡಲೇ ಕಂಡುಕೊಂಡರು. ತಟ್ಟೆಯಲ್ಲಿ ಉಳಿದಿದ್ದೆಲ್ಲ ನಾಯಿಗೆ. ವಾರದಲ್ಲಿ ಹಸಿ ಕಸ ಸೊನ್ನೆಗೆ ಇಳಿಯಿತು, ನಾಯಿ ದಪ್ಪವಾಯಿತು. ಶನಿವಾರ ಅದು ಆ ವಾರದ ಅಷ್ಟೂ ಉಳಿತಾಯವನ್ನು ಸೋಫಾದ ಮೇಲೆ ವಾಂತಿ ಮಾಡಿತು. ಅದನ್ನು ಯಾರ ಲೆಕ್ಕಕ್ಕೆ ತೂಗಬೇಕು ಅನ್ನುವುದು ಇನ್ನೂ ವಿಚಾರಣೆಯಲ್ಲಿದೆ.

ಇನ್ನು ಒಣ ಕಸ. ಅಮೆರಿಕದ ಸಿಯಾಟಲ್ ನಗರದಲ್ಲಿ 1981ರಲ್ಲಿ ಡಬ್ಬದ ಲೆಕ್ಕದಲ್ಲಿ ಶುಲ್ಕ ಶುರು ಮಾಡಿದಾಗ ಜನ ಡಬ್ಬ ಕಡಿಮೆ ಮಾಡಿದರು. ಕಸ ಕಡಿಮೆ ಮಾಡಲಿಲ್ಲ, ಡಬ್ಬದೊಳಗೆ ಇಳಿದು ತುಳಿದರು. ಅದಕ್ಕೆ 'ಸಿಯಾಟಲ್ ತುಳಿತ' ಅಂತಲೇ ಹೆಸರು ಬಿತ್ತು. ಮುಂದೆ 1992ರಲ್ಲಿ ವರ್ಜೀನಿಯಾದ ಚಾರ್ಲಟ್ಸ್‌ವಿಲ್ ಊರಿನಲ್ಲಿ ಚೀಲಕ್ಕೆ 80 ಸೆಂಟ್ ಇಟ್ಟರು. ಫುಲ್ಲರ್ಟನ್ ಮತ್ತು ಕಿನ್ನಮನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 75 ಮನೆಗಳ ಕಸವನ್ನು ಮೊದಲೂ ಆಮೇಲೂ ಅಳೆದು, ತೂಗಿ ನೋಡಿದರು. ಪುಣ್ಯಾತ್ಮರು. ಕಸದ ಗಾತ್ರ ಶೇ. 37 ಇಳಿದಿತ್ತು. ತೂಕ ಇಳಿದಿದ್ದು ಶೇ. 14 ಮಾತ್ರ. ನಡುವಿನ ವ್ಯತ್ಯಾಸ ಪೂರ್ತಿ ಕಾಲಿನ ಕೆಲಸ. ಸಾಲದು ಅಂತ, ಇಳಿದ ಕಸದಲ್ಲೂ ಶೇ. 28ರಷ್ಟು ಕದ್ದು ಬೇರೆಲ್ಲೋ ಸುರಿದದ್ದಿರಬಹುದು ಅಂತ ಅವರ ಅಂದಾಜು.

ನಾನು ಇದನ್ನು ಓದಿದ್ದು ತಡವಾಗಿ. ಮೊದಲ ವಾರದ ಕೊನೆಗೆ ನಮ್ಮನೆಯ ಒಣ ಕಸ ಅರ್ಧಕ್ಕೆ ಇಳಿದಿದೆ ಅಂತ ಎದೆಯುಬ್ಬಿಸಿ ವರದಿ ಓದಿದ್ದೆ. ಪ್ರಜೆಗಳು ಚಪ್ಪಾಳೆ ತಟ್ಟಿದ್ದರು. ಸ್ವಲ್ಪ ಜಾಸ್ತಿಯೇ ತಟ್ಟಿದರು ಅಂತ ಆಗಲೇ ಹೊಳೆಯಬೇಕಿತ್ತು. ಉಳಿದರ್ಧ ಒಂದೊಂದಾಗಿ ಸಿಕ್ಕಿತು. ಶೂ ಸ್ಟ್ಯಾಂಡಿನ ಹಿಂದೆ, ಮಂಚದ ಕೆಳಗೆ, ವಾಷಿಂಗ್ ಮೆಷಿನ್ ಸಂದಿಯಲ್ಲಿ. ಒಂದಷ್ಟು ನನ್ನ ಆಫೀಸ್ ಬ್ಯಾಗಿನಲ್ಲಿ. ಅದನ್ನು ಹೊತ್ತುಕೊಂಡು ಎರಡು ದಿನ ಕೆಲಸಕ್ಕೂ ಹೋಗಿ ಬಂದಿದ್ದೆ. ನಾನು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರಿದ್ದರು.

ಬಾತ್‌ರೂಮಿನ ಬುಟ್ಟಿಗೆ ಶುಲ್ಕ ಇರಲಿಲ್ಲವಲ್ಲ, ಎಲ್ಲರೂ ಅಲ್ಲೇ ತುಂಬುತ್ತಿದ್ದರು. ಸೋಲ್ ನಗರಕ್ಕೂ ಇದೇ ಕಷ್ಟ ಬಂದಿತ್ತು. ಜನ ಮನೆ ಕಸವನ್ನು ಬೀದಿಯ ಡಬ್ಬಕ್ಕೆ ತಂದು ಹಾಕುತ್ತಾರೆ ಅಂತ ನಗರದವರು ಬೀದಿಯ ಡಬ್ಬಗಳನ್ನೇ ತೆಗೆಯುತ್ತಾ ಹೋದರು. ಕಸದ ಡಬ್ಬಕ್ಕೆ ಜನ ಕಸ ಹಾಕುತ್ತಿದ್ದಾರೆ ಅನ್ನುವುದೇ ದೂರು! ನೆಗಡಿ ಬಂತು ಅಂತ ಮೂಗು ಕೊಯ್ದರು ನೋಡಿ. ಕಾಫಿ ಲೋಟ ಹಿಡಿದುಕೊಂಡು ಬಸ್ ಹತ್ತೋಣ ಅಂದರೆ 2018ರಿಂದ ಅಲ್ಲಿ ಅದಕ್ಕೂ ತಡೆ. ನಾನೂ ಬಾತ್‌ರೂಮಿನ ಬುಟ್ಟಿ ತೆಗೆಸಿದೆ. ಆಮೇಲೆ ಏನಾಯಿತು ಅಂತ ಕೇಳಬೇಡಿ. ಪ್ಲಂಬರ್ ಬಂದು ಹೋದರು ಅಂತಷ್ಟೇ ಹೇಳಬಲ್ಲೆ.

ತೈಪೆಯಲ್ಲಿ ಕಸದ ಗಾಡಿ ಸಂಗೀತಗಾರ ಬೀಥೋವನ್‌ನ 'ಫ್ಯೂರ್ ಎಲೀಸ್' (ಎಲೀಸ್‌ಗಾಗಿ) ನುಡಿಸಿಕೊಂಡು ಬರುತ್ತದೆ. ಕಸ ನೆಲ ಮುಟ್ಟಬಾರದು ಅನ್ನುವ ನಿಯಮ. ಹಾಗಾಗಿ ಜನ ಚೀಲ ಹಿಡಿದು ಹಾಡಿನ ಹಿಂದೆ ಓಡಬೇಕು. ಆ ಎಲೀಸ್ ಯಾರು ಅಂತ ಪಂಡಿತರು ಇನ್ನೂ ಜಗಳ ಆಡುತ್ತಿದ್ದಾರೆ. ಯಾರಾದರೂ ಆಗಿರಲಿ, ಅವಳ ಹಿಂದೆ ಇಷ್ಟು ಜನ ಓಡಿರಲಾರರು. ನಾನೂ ಫೋನಿನಲ್ಲಿ ಹಾಕಿ ನೋಡಿದೆ. ನಮ್ಮ ಮನೆಯಲ್ಲಿ ಎದ್ದು ಬಂದಿದ್ದು ನಾಯಿ ಮಾತ್ರ.

ಕೊನೆಗೆ ಪತ್ತೇದಾರಿಗೆ ಇಳಿದೆ. ಸ್ವಿಟ್ಜರ್‌ಲೆಂಡಿನಲ್ಲಿ ಗುರುತಿಲ್ಲದ ಚೀಲ ಸಿಕ್ಕರೆ ಅದನ್ನು ಬಿಚ್ಚಿ, ಒಳಗೆ ವಿಳಾಸ ಇರುವ ಲಕೋಟೆಯೋ ಬಿಲ್ಲೋ ಇದೆಯಾ ಅಂತ ಹುಡುಕಿ ದಂಡ ಹಾಕುವವರಿದ್ದಾರೆ. ನಾನೂ ಕೈಗವಸು ಹಾಕಿಕೊಂಡು ಮಂಚದ ಕೆಳಗಿನ ಚೀಲ ಬಿಚ್ಚಿದೆ. ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಇನ್ನೊಂದು ಪೆಟ್ಟಿಗೆ. ಅದರೊಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬು, ಥರ್ಮಾಕೋಲ್, ಹದಿನಾಲ್ಕು ಭಾಷೆಯ ಸೂಚನಾ ಪತ್ರ. ಮೇಲೆ ವಿಳಾಸ. ನನ್ನದೇ. ಹಸಿ ಕಸ ತೂಗಲು ಅಂತ ನಾನು ತರಿಸಿದ್ದ ತಕ್ಕಡಿಯ ಪಾರ್ಸೆಲ್ ಅದು.

ಮಂತ್ರಿ ಅಧಿಕಾರಿಗೆ ದಂಡ ಕಟ್ಟಿದ. ಒಂದು ಜೇಬಿನಿಂದ ಇನ್ನೊಂದಕ್ಕೆ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಂಗೈಯಷ್ಟು ತಕ್ಕಡಿ. ಇಷ್ಟು ಕಸ ಸುತ್ತಿ ಕಳಿಸಿದವರು ಯಾರು? ಅವರು. ಬಿಚ್ಚಿದವರು ನಾವು. ದುಡ್ಡು ಕಟ್ಟೋರು ಮಾತ್ರ ಯಾಕೆ ನಾವು?"

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ನೋಟದಲ್ಲಿತ್ತು. ಜರ್ಮನಿಯವರು 1991ರಲ್ಲೇ ಪ್ಯಾಕಿಂಗ್ ಮಾಡಿದವರೇ ಅದನ್ನು ವಾಪಸ್ ತೆಗೆದುಕೊಳ್ಳಬೇಕು ಅಂತ ನಿಯಮ ಮಾಡಿದ್ದರು ಅನ್ನುವುದು ನನಗೆ ಗೊತ್ತಿತ್ತು. ಅಂಗಡಿಯಲ್ಲೇ ಹೊರಗಿನ ಪೆಟ್ಟಿಗೆ ಬಿಚ್ಚಿ ಅಲ್ಲೇ ಬಿಟ್ಟು ಬರಲು ಅವಕಾಶ ಇತ್ತು. ಆದರೆ ವಿರೋಧ ಪಕ್ಷಕ್ಕೆ ನಾನೇ ಮಾಹಿತಿ ಒದಗಿಸುವುದೇ? "ಸಮಿತಿ ಮಾಡೋಣ," ಅಂದೆ.

ನಿಜ ಹೇಳಬೇಕಂದರೆ ಈ ಪದ್ಧತಿ ಕೆಲಸ ಮಾಡುತ್ತದೆ. ಕೊರಿಯಾದಲ್ಲಿ ಊಟದ ಕಸದ ಬಹುಪಾಲು ಇವತ್ತು ಮೇವೋ ಗೊಬ್ಬರವೋ ಗ್ಯಾಸೋ ಆಗುತ್ತಿದೆ. ಅದು ಸಣ್ಣ ವಿಷಯ ಅಲ್ಲ. ಆದರೆ ಜಾರಿ ಮಾಡುವುದಕ್ಕೆ ಗುಂಡಿಗೆ ಬೇಕು. ಬ್ರಿಟನ್ 2008ರ ಕಾನೂನಿನಲ್ಲಿ ಇಂಥ ಪ್ರಯೋಗವನ್ನು ಐದು ಊರುಗಳು ಮಾಡಬಹುದು ಅಂತ ಅವಕಾಶ ಕೊಟ್ಟಿತು. ಒಂದೇ ಒಂದು ಊರು ಮುಂದೆ ಬರಲಿಲ್ಲ. 2011ರಲ್ಲಿ ಆ ಕಲಮುಗಳನ್ನೇ ತೆಗೆದುಹಾಕಿದರು. ಹಾಂಗ್‌ಕಾಂಗ್ 2021ರಲ್ಲಿ ಕಾನೂನು ಪಾಸು ಮಾಡಿ, 2024ರ ಏಪ್ರಿಲ್ ಅಂದಿತು, ಆಗಸ್ಟ್ ಅಂದಿತು, ಆಗಸ್ಟ್ ಬರುವ ಮೊದಲೇ, ಮೇ ತಿಂಗಳಲ್ಲಿ, ಸದ್ಯಕ್ಕೆ ಬೇಡ ಅಂದಿತು. ನ್ಯೂಯಾರ್ಕ್ 2025ರ ಏಪ್ರಿಲ್ 1ಕ್ಕೆ ಹಸಿ ಕಸ ಬೇರೆ ಮಾಡದವರಿಗೆ ದಂಡ ಶುರು ಮಾಡಿ, ಅದೇ ತಿಂಗಳಲ್ಲಿ ಹೆಚ್ಚಿನವರಿಗೆ ಅದನ್ನು ನಿಲ್ಲಿಸಿತು. ಇವರ ಮುಂದೆ ನನ್ನದು ಮೂರು ವಾರದ ಸುಭದ್ರ ಸರ್ಕಾರ. ಹಾಗಾಗಿ ಯೋಜನೆಯನ್ನು ರದ್ದು ಮಾಡಿಲ್ಲ, ಮುಂದೂಡಿದ್ದೇನೆ. ದಿನಾಂಕ ಆಮೇಲೆ ತಿಳಿಸಲಾಗುವುದು.

ಸಹಿ ಹಾಕಿದ ಚೀಲಗಳು ಇನ್ನೂ ಅರ್ಧ ಕಟ್ಟು ಉಳಿದಿವೆ. ಆ ಕಟ್ಟು ಬಂದಿದ್ದು ಒಂದು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ. ನಿನ್ನೆ ರಾತ್ರಿ ಅದನ್ನು ಕೈಯಲ್ಲಿ ಹಿಡಿದು ಅಡುಗೆ ಮನೆಯಲ್ಲಿ ತುಂಬ ಹೊತ್ತು ನಿಂತಿದ್ದೆ. ಕಸದ ಚೀಲಗಳ ಚೀಲ ಯಾವ ಚೀಲಕ್ಕೆ? ನಾಯಿಯನ್ನು ಕರೆದೆ. ಮೂಸಿತು. ನನ್ನ ಮುಖ ನೋಡಿತು. ಎದ್ದು ಹೋಯಿತು.