ಸ್ಪಷ್ಟನೆ: ಹಸಿರು ಪರದೆಗೆ ಜಾಸ್ತಿ ಬೆಳಕು ಸುರಿದರೆ ಕೀ (ಹಸಿರನ್ನು ತೆಗೆದು ಬೇರೆ ಹಿನ್ನೆಲೆ ಕೂರಿಸುವುದು) ಚೆನ್ನಾಗಿ ಬರುವುದಿಲ್ಲ

"ಗ್ರೀನ್ ಸ್ಕ್ರೀನ್ ಮೇಲೆ ಎಷ್ಟು ಜಾಸ್ತಿ ಲೈಟ್ ಹಾಕ್ತೀರೋ ಅಷ್ಟು ಕ್ಲೀನ್ ಆಗಿ ಕಟ್ ಆಗುತ್ತೆ" ಎಂಬ ಸಲಹೆ ವಿಡಿಯೊ ಮಾಡುವವರ ನಡುವೆ ಓಡಾಡುತ್ತಿದೆ. ಇದು ತಪ್ಪು. ಇದನ್ನು ನಂಬಿದರೆ ಒಳ್ಳೆಯ ಶೂಟ್ ಸುಮ್ನೆ ಹಾಳಾಗುತ್ತದೆ.

ಪರದೆಗೆ ಬೇಕಿರುವುದು ಎಲ್ಲ ಕಡೆ ಒಂದೇ ಸಮನಾದ ಬೆಳಕು. ಮಿತಿ ಮೀರಿದರೆ ಹಸಿರು ಬಿಳಿಚಿಕೊಳ್ಳುತ್ತದೆ. ಸಾಫ್ಟ್‌ವೇರ್ ಹುಡುಕುವುದೇ ಗಾಢ ಹಸಿರನ್ನು, ಅದೇ ಇಲ್ಲದಿದ್ದರೆ ಏನು ಮಾಡೀತು? ಅಷ್ಟೇ ಅಲ್ಲ, ಆ ಬೆಳಕು ಪರದೆಗೆ ಬಡಿದು ಮುಂದೆ ನಿಂತವರ ಮೇಲೆ ವಾಪಸ್ ಬೀಳುತ್ತದೆ. ಕಿವಿಯ ಅಂಚು, ಹೆಗಲು, ಕನ್ನಡಕದ ಫ್ರೇಮ್ ಗಮನಿಸಿ. ತೆಳುವಾದ ಹಸಿರು ಗೆರೆ ಕಾಣುತ್ತದೆ. ಇದಕ್ಕೆ ಸ್ಪಿಲ್ ಅಂತಾರೆ. ಕೀ ಮಾಡುವಾಗ ಆ ಅಂಚೂ ಪರದೆಯ ಜೊತೆ ಕರಗಿಹೋಗುತ್ತದೆ. ವ್ಯಕ್ತಿಯನ್ನು ಪರದೆಯಿಂದ ಐದಾರು ಅಡಿ ಮುಂದೆ ನಿಲ್ಲಿಸಿ. ಪರದೆಗೂ ವ್ಯಕ್ತಿಗೂ ಬೇರೆ ಬೇರೆ ಲೈಟ್ ಇಡಿ.

"4ಕೆ ಕ್ಯಾಮೆರಾ ಇದ್ದರೆ ಸಾಕು" ಅನ್ನುವ ಮಾತೂ ಇದರ ಜೊತೆಗೇ ಬರುತ್ತದೆ ಅಲ್ವಾ? ಅದೂ ಪೂರ್ತಿ ನಿಜವಲ್ಲ. ಹೆಚ್ಚಿನ ಫೋನ್‌ಗಳು, ಸಾಧಾರಣ ಕ್ಯಾಮೆರಾಗಳು 4:2:0 ರೀತಿಯಲ್ಲಿ ರೆಕಾರ್ಡ್ ಮಾಡುತ್ತವೆ. ಅಂದರೆ 4 ಪಿಕ್ಸೆಲ್‌ಗೂ ಹೊಳಪು ಬೇರೆ ಬೇರೆಯಾಗಿ ದಾಖಲಾದರೂ ಬಣ್ಣ ಮಾತ್ರ ನಾಲ್ಕಕ್ಕೂ ಸೇರಿ ಒಂದೇ. ಕೂದಲಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಹೆಚ್ಚಾಗಿ ಇದರಿಂದಲೇ. ಸೌಲಭ್ಯ ಇದ್ದರೆ ಬಣ್ಣವನ್ನು ಇನ್ನೂ ಹೆಚ್ಚು ದಾಖಲಿಸುವ 4:2:2 ಇಡಿ, ಬಿಟ್‌ರೇಟ್ (ಸೆಕೆಂಡಿಗೆ ದಾಖಲಾಗುವ ಡೇಟಾ) ಏರಿಸಿ, ಶಾರ್ಪನಿಂಗ್ (ಕ್ಯಾಮೆರಾ ತಾನೇ ಅಂಚುಗಳನ್ನು ಚೂಪು ಮಾಡುವುದು) ಇಳಿಸಿ. ಶಾರ್ಪನಿಂಗ್ ಅಂಚಿನ ಸುತ್ತ ಎಳೆಯುವ ಗೆರೆಯನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ.

ಬಟ್ಟೆಯ ಪರದೆಯಾದರೆ ಶೂಟ್‌ಗೆ ಮೊದಲೇ ಇಸ್ತ್ರಿ ಮಾಡಿ. ಸುಕ್ಕಿನ ನೆರಳು ಇನ್ನೊಂದು ಬಗೆಯ ಹಸಿರಾಗಿ ದಾಖಲಾಗುತ್ತದೆ.