ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಬೇಡಿ

ಮತ್ತದೇ ಪ್ಲಾಸ್ಟಿಕ್ ಕವರ್! ಚಾಕು ಇರಿತದ ಎಂಎಲ್‌ಸಿ (ಮೆಡಿಕೋ-ಲೀಗಲ್, ಅಂದರೆ ಪೊಲೀಸು-ಕೋರ್ಟಿಗೆ ಸಂಬಂಧಿಸಿದ) ಕೇಸು. ರಕ್ತದಲ್ಲಿ ತೊಯ್ದ ಶರ್ಟು, ಬನಿಯನ್, ಪ್ಯಾಂಟು ಎಲ್ಲ ಒಂದೇ ಕ್ಯಾರಿಬ್ಯಾಗಿನಲ್ಲಿ, ಮೇಲೊಂದು ಬಿಗಿ ಗಂಟು. ಇವತ್ತು ಕ್ಯಾಶುವಾಲ್ಟಿಯೊಂದರಲ್ಲಿ ಕಂಡದ್ದು. ಈ ಕವರ್ ಕಂಡರೆ ನನಗೆಷ್ಟು ಸಿಟ್ಟು ಬರುತ್ತದೆಂದು ಇಲ್ಲಿರುವ ನರ್ಸಿಂಗ್ ಗೆಳೆಯರಿಗೆ ಗೊತ್ತು.

ಗಾಳಿಯಾಡದ ಒದ್ದೆ ಬಟ್ಟೆ ಬೂಸ್ಟು ಹಿಡಿಯುತ್ತದೆ, ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎ ಹಾಳಾಗುತ್ತದೆ. ಒಂದರ ಕಲೆ ಇನ್ನೊಂದಕ್ಕೆ ಅಂಟಿದರೆ ಎಫ್‌ಎಸ್‌ಎಲ್‌ನವರಾದರೂ (ವಿಧಿವಿಜ್ಞಾನ ಪ್ರಯೋಗಾಲಯ) ಏನು ಮಾಡಿಯಾರು? ನೆರಳಿನಲ್ಲಿ ಆರಿಸಿ, ಮಡಿಕೆಗಳ ನಡುವೆ ಬಿಳಿ ಹಾಳೆಯಿಟ್ಟು, ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಕವರಿಗೆ ಹಾಕಿ. ಇಷ್ಟೇ ಕೆಲಸ.

"ಮೊದಲು ಜೀವ, ಆಮೇಲೆ ಸಾಕ್ಷಿ" ಅನ್ನುತ್ತೀರಿ. ಒಪ್ಪಿದೆ. ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದ್ದೂ ಅದನ್ನೇ. ಆದರೆ ಹೇಗೂ ಬಟ್ಟೆ ಕತ್ತರಿಸುತ್ತೀರಲ್ಲ, ಕತ್ತರಿ ಇರಿತದ ತೂತಿನ ಮೇಲೇ ಹಾಯಬೇಕೆ? ಎರಡು ಇಂಚು ಪಕ್ಕಕ್ಕೆ ಹಾಯಿಸಿ. ತೂತು ಉಳಿದರೆ ತಾನೇ ಚಾಕಿನ ಅಲಗು ತಾಳೆಯಾಗುತ್ತದೆಯೇ ಎಂದು ನೋಡಲಾಗುವುದು? ರೋಗಿಯ ಸ್ಥಿತಿ ಬಿಡುವು ಕೊಟ್ಟರೆ, ಗಾಯ ತೊಳೆದು ಹೊಲಿಯುವ ಮೊದಲು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಹೊಲಿದ ಮೇಲೆ ಅಂಚು ಹೇಗಿತ್ತೆಂದು ಯಾರೂ ಹೇಳಲಾರರು.

ವಿಷ ಕುಡಿದವರ ಸ್ಟಮಕ್ ವಾಶ್‌ನಲ್ಲೂ ಅಷ್ಟೆ. ನೀರು ಬಿಡುವ ಮುಂಚೆ ಟ್ಯೂಬಿನಲ್ಲಿ ಬಂದ ಮೊದಲ ದ್ರವವನ್ನು ತೆಗೆದಿಡಬೇಕು, ಆಮೇಲಿನದೆಲ್ಲ ತೆಳ್ಳಗೆ. ಆಲ್ಕೋಹಾಲ್ ಪರೀಕ್ಷೆಗೆ ರಕ್ತ ತೆಗೆಯುವಾಗ ತೋಳಿಗೆ ಸ್ಪಿರಿಟ್ (ಅದೂ ಆಲ್ಕೋಹಾಲೇ) ಹತ್ತಿ ಉಜ್ಜಿದರೆ ವಕೀಲರು ಆ ವರದಿಯನ್ನು ಬಿಡುತ್ತಾರೆಯೇ? ಸೋಡಿಯಂ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬೇ ಆಗಬೇಕು.

ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಂತೂ ಹೊಟ್ಟೆ ಉರಿಯುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆಯುವ ಮಾದರಿ) ತೆಗೆಯಲು 96 ಗಂಟೆಯ ಅವಕಾಶ ಕೊಟ್ಟಿದೆ. ಪರೀಕ್ಷೆ ಮಾಡುವವರು ಡಾಕ್ಟರು, ನಿಜ. ಆದರೆ ಅವರು ಬರುವಷ್ಟರಲ್ಲಿ "ಮುಖ ತೊಳೆದು ಬಟ್ಟೆ ಬದಲಿಸಿಕೊಳ್ಳಮ್ಮ" ಎಂಬ ಕರುಣೆಯ ಒಂದು ಮಾತಿಗೆ ಎಷ್ಟೋ ಸಾಕ್ಷಿ ನೀರುಪಾಲಾಗಿರುತ್ತದೆ. ಆ ಮಾತು ಆಡಿದ ನರ್ಸನ್ನು ಬೈಯಲಾರೆ, ಆಕೆಗೆ ಯಾರು ಹೇಳಿಕೊಟ್ಟಿದ್ದರು?

ಅಮೆರಿಕದಲ್ಲಿ ಫೊರೆನ್ಸಿಕ್ ನರ್ಸಿಂಗ್, ಅಂದರೆ ಆರೈಕೆಯ ಜೊತೆಗೇ ಸಾಕ್ಷಿಯನ್ನೂ ಕಾಪಾಡುವ ನರ್ಸಿಂಗ್, 1995ರಲ್ಲೇ ಪ್ರತ್ಯೇಕ ಪರಿಣತಿ ಎನಿಸಿಕೊಂಡಿತು. ನಮ್ಮ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ಕೂ 2021ರ ಪರಿಷ್ಕರಣೆಯಲ್ಲಿ ಅದು ಬಂದಿದೆ. ಪಾಠ ಬಂತು, ಹುದ್ದೆ ಎಲ್ಲಿ? ಪ್ರತಿ ಶಿಫ್ಟಿಗೆ ತರಬೇತಿಯಾದ ಒಬ್ಬ ನರ್ಸ್, ಒಂದು ಡ್ರಾಯರಿನಲ್ಲಿ ಕಾಗದದ ಕವರು, ಸ್ಕೇಲು, ಬೂದು ಟ್ಯೂಬು, ಅರಗು, ಜೊತೆಗೊಂದು ರಿಜಿಸ್ಟರು ಇರಲಿ. ಕವರ್ ಯಾರಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು ಎಂಬುದಕ್ಕೆ ಸಹಿ ಬೇಕು. ಇವತ್ತಿನ ಆ ಗಂಟಿನ ಮೇಲೆ ರೋಗಿಯ ಹೆಸರೂ ಇರಲಿಲ್ಲ.