ವ್ಯಾಪಾರ ತಗ್ಗಿದಾಗ ಹುಟ್ಟುವ ಕೆಲಸ

ಐಟಿಯಲ್ಲಿ ಹೊಸಬರನ್ನು ತಗೊಳ್ತಿಲ್ಲ ಅನ್ನೋ ಚಿಂತೆ ಈಗ ದಾವಣಗೆರೆಯ ಎಷ್ಟೋ ಮನೆಗಳಲ್ಲಿದೆ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿ, ಯುಬಿಡಿಟಿಯಲ್ಲಿ ಓದು ಮುಗಿಸಿದ ಮಕ್ಕಳು ಬೆಂಗಳೂರಿನ ಫೋನಿಗೆ ಕಾಯುತ್ತಿದ್ದಾರೆ. ಅವರಿಗೆ ನನ್ನದೊಂದು ಮಾತು. ಇಂಥ ಕಾಲದಲ್ಲೇ ಬೇಡಿಕೆ ಬರುವ ಕೆಲಸವೊಂದಿದೆ: ಬೇರೆ ಬೇರೆ ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಜೋಡಿಸುವುದು.

ದುಡ್ಡು ಓಡಾಡುವಾಗ ಕಂಪನಿಗಳು ಮಾರಾಟಕ್ಕೊಂದು, ಗೋದಾಮಿಗೊಂದು, ಸಂಬಳಕ್ಕೊಂದು ಅಂತ ಸಾಫ್ಟ್‌ವೇರ್ ಕೊಳ್ಳುತ್ತವೆ. ಇದರ ಲೆಕ್ಕ ಅದಕ್ಕೆ ಹೋಗುವುದಿಲ್ಲ. ನಡುವೆ ಒಬ್ಬರನ್ನು ಕೂರಿಸಿ ಟೈಪ್ ಮಾಡಿಸುತ್ತಾರೆ. ವ್ಯಾಪಾರ ತಗ್ಗಿದರೆ ಹೊಸ ಖರೀದಿ ನಿಲ್ಲುತ್ತದೆ, ಬಿಟ್ಟುಹೋದವರ ಜಾಗವೂ ತುಂಬುವುದಿಲ್ಲ. ಆಗ ಇರೋದನ್ನೇ ಜೋಡಿಸಿ ಕೊಡ್ತೀನಿ ಅನ್ನುವವರನ್ನು ಮಾಲೀಕರು ಕೂರಿಸಿ ಮಾತಾಡಿಸುತ್ತಾರೆ.

ಇದೇ ಜೋಡಣೆ ಕೆಲಸ ಮಾಡುವ ಅಮೆರಿಕದ ಬೂಮಿ ಕಂಪನಿ ಶುರುವಾಗಿದ್ದು 2000ದಲ್ಲಿ, ಡಾಟ್‌ಕಾಮ್ ಅಂದರೆ ಇಂಟರ್ನೆಟ್ ಕಂಪನಿಗಳು ಮುಳುಗತೊಡಗಿದ ವರ್ಷ. 2008ರ ಕುಸಿತವನ್ನೂ ದಾಟಿತು, 2010ರಲ್ಲಿ ಕಂಪ್ಯೂಟರ್ ಕಂಪನಿ ಡೆಲ್ ಅದನ್ನು ಕೊಂಡಿತು. 2006ರಲ್ಲಿ ಶುರುವಾದ, ಅದೇ ಕೆಲಸದ ಮ್ಯೂಲ್‌ಸಾಫ್ಟ್ ಅನ್ನು ಕೊಳ್ಳಲು ಸೇಲ್ಸ್‌ಫೋರ್ಸ್ ಅನ್ನೋ ಸಾಫ್ಟ್‌ವೇರ್ ಕಂಪನಿ 2018ರಲ್ಲಿ ಕೊಟ್ಟಿದ್ದು ಸುಮಾರು 650 ಕೋಟಿ ಡಾಲರ್. ಕುಸಿತದಿಂದಲೇ ಇವು ಗೆದ್ದವು ಅನ್ನುವುದಿಲ್ಲ. ಆದರೆ ಎರಡಕ್ಕೂ ಕೆಟ್ಟ ಕಾಲದಲ್ಲಿ ಗಿರಾಕಿಗಳಿದ್ದರು.

ಈಗ ನಮ್ಮೂರಿಗೆ ಬನ್ನಿ. ಹತ್ತಿ ಗಿರಣಿಗಳು ಮುಚ್ಚಿದ ಮೇಲೂ ದಾವಣಗೆರೆ ವ್ಯಾಪಾರದ ಊರಾಗೇ ಉಳಿದಿದೆ. ಒಂದು ಕಬ್ಬಿಣದ ಸಗಟು ಅಂಗಡಿ ತಗೊಳ್ಳಿ. ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ 2020ರಲ್ಲಿ ವರ್ಷಕ್ಕೆ 500 ಕೋಟಿ ದಾಟಿದ ವಹಿವಾಟಿಗೆ ಬಂತು. 2023ರ ಆಗಸ್ಟ್‌ಗೆ 5 ಕೋಟಿ ದಾಟಿದವರಿಗೂ ಕಡ್ಡಾಯವಾಯಿತು. ಅದನ್ನು ಈಗ ಲೆಕ್ಕ ಬರೆಯುವ ಸಾಫ್ಟ್‌ವೇರ್ ಆದ ಟ್ಯಾಲಿಯಿಂದಲೇ ಕಳಿಸಬಹುದು, ಅಲ್ಲಿ ನಮಗೆ ಜಾಸ್ತಿ ಕೆಲಸವಿಲ್ಲ. ಕೆಲಸ ಇರೋದು ಅದರ ಆಚೆ ಈಚೆ. ಆರ್ಡರ್ ವಾಟ್ಸಾಪ್‌ನಲ್ಲಿ ಬರುತ್ತದೆ. ತೂಕ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಚೀಟಿಯಲ್ಲಿರುತ್ತದೆ. ಎರಡನ್ನೂ ನೋಡಿ ಯಾರೋ ಟ್ಯಾಲಿಗೆ ಹಾಕುತ್ತಾರೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಉದ್ರಿ. ಮಾರುಕಟ್ಟೆ ಬಿದ್ದಾಗ ಬಾಕಿ ಬೆಳೆಯುತ್ತದೆ. ಮೂರು ಬಿಲ್ಲಿನ ದುಡ್ಡನ್ನು ಮಾಲು ಕೊಂಡ ಪಾರ್ಟಿ ಒಂದೇ ರೌಂಡ್ ಮೊತ್ತವಾಗಿ ಬ್ಯಾಂಕಿನಿಂದ ಆರ್‌ಟಿಜಿಎಸ್ ಮಾಡುತ್ತಾರೆ, ಉಳಿದದ್ದು ಯುಪಿಐನಲ್ಲಿ ತುಂಡು ತುಂಡಾಗಿ ಬರುತ್ತದೆ. ಯಾವುದು ಯಾವ ಬಿಲ್ಲಿಗೆ ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ಹೇಳುವುದಿಲ್ಲ. ಯಾರಿಂದ ಎಷ್ಟು ಬರಬೇಕು ಅನ್ನೋದು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಮಾಲೀಕರ ಮೊಬೈಲ್‌ನಲ್ಲಿ ಕಂಡರೆ ವಸೂಲಿ ಚುರುಕಾಗುತ್ತದೆ. ಅದಕ್ಕೆ ದುಡ್ಡು ಕೊಡುವವರಿದ್ದಾರೆ, ಈಗಲೇ.

ಇದಕ್ಕೆ ದೊಡ್ಡ ಬಂಡವಾಳ ಬೇಡ. ವೇಬ್ರಿಡ್ಜ್‌ನ ಇಂಡಿಕೇಟರ್, ಅಂದರೆ ತೂಕ ತೋರಿಸುವ ಪೆಟ್ಟಿಗೆ, ಸಾಮಾನ್ಯವಾಗಿ ಸೀರಿಯಲ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ತೂಕ ಕೊಡುತ್ತದೆ. ಟ್ಯಾಲಿ ಎಕ್ಸ್‌ಎಂಎಲ್ ಅನ್ನೋ ಫೈಲ್ ರೂಪದಲ್ಲಿ ಮಾಹಿತಿ ತಗೊಳ್ಳುತ್ತದೆ. ಕಾಲೇಜಲ್ಲಿ ಕಲಿತದ್ದರ ಮೇಲೆ ಸ್ವಲ್ಪ ಹಠ ಇದ್ದರೆ ಸಾಕು.

ಎರಡು ಎಚ್ಚರಿಕೆ ಹೇಳಲೇಬೇಕು. ಗಿರಾಕಿಗೇ ದುಡ್ಡು ಬಿಗಿ ಇರುವಾಗ ನಿಮ್ಮ ಬಿಲ್ಲೂ ತಡವಾಗುತ್ತದೆ, ಹಾಗಾಗಿ ಅಡ್ವಾನ್ಸ್ ತಗೊಳ್ಳದೆ ಶುರು ಮಾಡಬೇಡಿ. ಮತ್ತೆ, ಬ್ಯಾಂಕಿನವರು ಸ್ಟೇಟ್‌ಮೆಂಟಿನ ಕಾಲಂ ಬದಲಿಸಿದರೂ ನಿಮ್ಮ ಜೋಡಣೆ ನಿಂತುಹೋಗುತ್ತದೆ. ವರ್ಷದ ನಿರ್ವಹಣೆಯ ಹಣವನ್ನು ಮೊದಲೇ ಮಾತಾಡಿಕೊಳ್ಳಿ. ಸಂಕೋಚ ಬೇಡ, ಅದು ನಿಮ್ಮ ದುಡಿಮೆ.

ಗಿರಾಕಿ ಹುಡುಕಲು ಆಡಿಟರ್ ಆಫೀಸಿಗೆ ಹೋಗಿ. ಯಾವ ಅಂಗಡಿಯ ಲೆಕ್ಕ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಅವರಿಗೆ ಗೊತ್ತಿರುತ್ತದೆ. ಟ್ಯಾಲಿಯ ಎಕ್ಸ್‌ಎಂಎಲ್‌ನಲ್ಲಿ ತೊಡಕಾದರೆ ನನಗೆ ಮೆಸೇಜ್ ಮಾಡಿ. ಸಂಜೆ ಹೊತ್ತು ಕೂತು ಹೇಳಿಕೊಡುತ್ತೇನೆ.